ಬರೆಯದೆ ಬಿಟ್ಟ ಕಾವಲು

ಮೊಳಕಾಲ್ಮೂರಿನಲ್ಲಿ ನಾನೀಗ ಬಾಡಿಗೆಗಿರುವ ಓಣಿಯಲ್ಲಿ ಬೆಳಗಾದರೆ ರೇಷ್ಮೆ ಮಗ್ಗಗಳ ಸದ್ದು. ಅದು ಕಿವಿಗೆ ಬಿದ್ದಾಗಲೆಲ್ಲ ಮೂಗಿಗೆ ಬರುವುದು ಮಾತ್ರ ನೆಂದ ಉಣ್ಣೆಯ, ಹುಣಸೆಬೀಜದ ಗಂಜಿಯ ವಾಸನೆ. ಚಳ್ಳಕೆರೆ ಸೀಮೆಯಲ್ಲಿ, ಊರವರು ಕಾವಲು ಎನ್ನುತ್ತಿದ್ದ ಹುಲ್ಲುಗಾವಲಿನ ಅಂಚಿಗಿದ್ದ ನಮ್ಮ ಮನೆಯ ಪಡಸಾಲೆಯಲ್ಲಿ ತಾತ ಕಂಬಳಿ ನೇಯುತ್ತಿದ್ದ. ಅವ್ವ ನೂಲಿಗೆ ಗಂಜಿ ಬಳಿಯುತ್ತಿದ್ದಳು. ಉಣ್ಣೆ ಕುರಿಯದು, ಕುರಿಯ ಹೊಟ್ಟೆ ಕಾವಲಿನದು. ಆ ಬಯಲಿನ ಒಂದೊಂದು ತಗ್ಗು-ದಿಣ್ಣೆಗೂ ತಾತನ ಬಾಯಲ್ಲಿ ಹೆಸರಿತ್ತು: ಮುದುಕಿ ಹೊಂಡ, ತೋಳನ ದಿಬ್ಬ, ಮರಿಯೀದ ಹಳ್ಳ. ನಿಮ್ಮೂರಲ್ಲೂ ಅಂಥ ಹೆಸರುಗಳು ಇದ್ದಿರಬಹುದು.

ನಾನು ಏಳನೇ ಕ್ಲಾಸಿನಲ್ಲಿದ್ದೆ. ಶನಿವಾರದ ಶಾಲೆ ಬಿಟ್ಟ ಮೇಲೆ ಮೇಷ್ಟ್ರು ನಮ್ಮನ್ನು ವೀರಗಲ್ಲಿನ ಬಳಿಗೆ ನಡೆಸಿಕೊಂಡು ಹೋಗುತ್ತಿದ್ದರು. ದಾರಿಯಲ್ಲಿ ಹುಲ್ಲು, ಹಕ್ಕಿ, ಹೆಜ್ಜೆಗುರುತು ತೋರಿಸುತ್ತಿದ್ದರು. ಆ ವರ್ಷ ಶಾಲೆಯ ಗೋಡೆಯ ಮೇಲೆ ಊರಿನ ನಕ್ಷೆ ಬರೆಯೋಣ, ಮನೆಯ ಹಿರಿಯರನ್ನು ಕೇಳಿ ಜಾಗಗಳ ಹೆಸರು ತನ್ನಿ ಎಂದರು. ಅಕ್ಷರ ದುಂಡಗಿತ್ತೆಂದು ಬ್ರಷ್ಷು ನನ್ನ ಕೈಗೆ ಬಂತು. ತಾತ ಸಂಜೆಯೆಲ್ಲ ಹೇಳಿದ, ನಾನು ಚೀಟಿಯಲ್ಲಿ ಬರೆದೆ.

"ನಾಳೆ ನಿಮ್ಮ ಮೇಷ್ಟ್ರು ನನ್ನೇ ಇಸ್ಕೂಲಿಗೆ ಸೇರಿಸ್ಕಂತಾರೆ ನೋಡು" ಎಂದು ನಕ್ಕ. ಆಮೇಲೆ ದನಿ ತಗ್ಗಿಸಿ ಅವ್ವನಿಗೆ, "ಕಾವಲಾಗೆ ಯಾರೋ ಕೆಂಪು ಬಟ್ಟೆ ಕಟ್ಟಿದ ಗೂಟ ನೆಟ್ಟವ್ರೆ. ಕುರಿ ಬೆಚ್ಚುತಾವೆ" ಎಂದ.

ಮಾರನೆಯ ದಿನ ಚೀಟಿ ಓದಿದ ಗೆಳತಿ ಗಿರಿಜ, "ಏ, ಕುರಿ ಈದ ಜಾಗಾನೂ ಇತಿಹಾಸ ಏನೇ?" ಅಂದಳು. ಎಲ್ಲರೂ ನಕ್ಕರು. ನನಗೆ ನಾಚಿಕೆಯಾಯಿತು. ಗುಡಿ, ಬಾವಿ, ವೀರಗಲ್ಲು ಬರೆದೆ. ಕಾವಲಿಗೆ ಬರೀ ಹಸಿರು ಬಳಿದೆ. "ಯಾಕಮ್ಮ, ನಿಮ್ಮ ತಾತ ಏನೂ ಹೇಳಲಿಲ್ವಾ?" ಎಂದು ಮೇಷ್ಟ್ರು ಕೇಳಿದಾಗ ಇಲ್ಲವೆಂದು ತಲೆಯಾಡಿಸಿದೆ. ಚೀಟಿ ಲಂಗದ ಜೇಬಿನಲ್ಲೇ ಉಳಿದು ಒಗೆತದಲ್ಲಿ ಕರಗಿತು.

ಬೇಸಿಗೆಗೆ ಮುಂಚೆ ಜೀಪಿನಲ್ಲಿ ಕಾವಲು ಅಳೆಯುವ ನಾಲ್ವರು ಬಂದರು. ನೀರು ಕುಡಿಯಲು ಶಾಲೆಗೆ ಬಂದವರು ನಕ್ಷೆಯ ಮುಂದೆ ನಿಂತರು. ಒಬ್ಬರು ಹಸಿರಿನ ಮೇಲೆ ಬೆರಳಿಟ್ಟು, "ಇಲ್ಲೇನೂ ಇಲ್ಲ ಅಲ್ವಾ ಮರಿ?" ಎಂದರು.

"ಇಲ್ಲ ಸಾರ್."

ಅವರು ಫೋಟೋ ತೆಗೆದುಕೊಂಡು ಹೋದರು. ಅದನ್ನು ನೋಡಿಯೇ ಆಮೇಲೆ ಕಾವಲಿನ ಸುತ್ತ ಕಲ್ಲಿನ ಗೋಡೆ ಕಟ್ಟಿದರೆಂದು ಹೇಳಲಾರೆ. ಗೂಟಗಳು ಮೊದಲೇ ಬಂದಿದ್ದವು. ಆದರೆ ಕೇಳಿದಾಗ ಇಲ್ಲ ಅಂದವಳು ನಾನು.

ಗೋಡೆ ಎದ್ದ ಮೇಲೂ ಕುರಿಗಳು ಹಳೆಯ ಜಾಡಿನಲ್ಲೇ ನಡೆದವು. ಮುಂದಿನದು ಕಲ್ಲಿಗೆ ಮೂತಿ ತಾಗಿಸಿ ನಿಂತಿತು, ಹಿಂದಿನವು ಒಂದರ ಹಿಂದೊಂದು ನಿಂತವು. ತಾತ ಕೂಗಿ ತಿರುಗಿಸಲಿಲ್ಲ. ವರ್ಷದೊಳಗೆ ಮೇವಿಲ್ಲದೆ ಕುರಿ ಮಾರಿಹೋದವು, ಆಮೇಲೆ ಮಗ್ಗ.

ತಾತ ಹಾಸಿಗೆ ಹಿಡಿದಾಗ ನೋಟ್‌ಬುಕ್ಕು ಹಿಡಿದು ಪಕ್ಕದಲ್ಲಿ ಕೂತೆ. "ತಾತ, ಮರಿಯೀದ ಹಳ್ಳ ದಾಟಿದ್ರೆ ಮುಂದೇನು?" ತಾತ ಕಣ್ಣು ಮುಚ್ಚಿ, ಕಂಬಳಿಯ ಮೇಲೆ ಎರಡು ಬೆರಳನ್ನು ನಿಧಾನವಾಗಿ ನಡೆಸಿದ. ಒಂದು ಹೆಸರು ಹೇಳಿದ. ಇನ್ನೊಂದು ಹೇಳಿದ. ಬೆರಳು ನಿಂತವು. ನಾನು ಕಾದೆ.

"ಮುಂದೆ ಗೋಡೆ ಐತಲ್ಲವ್ವ" ಎಂದ.