ಶೆವೆಲ್ ಕಾರಿನ ಇಂಜಿನ್ನೂ ಹ್ಯೂಬರ್ಟ್ ಮೋನಿಸರ ಸಹಿಯೂ

ಈ ಅಭಿನಂದನ ಗ್ರಂಥಕ್ಕೆ ಬರೆಯಲು ನನಗಿಂತ ಯೋಗ್ಯರಾದವರು ಎಷ್ಟೋ ಮಂದಿ ಇದ್ದಾರೆ. ಸಂಪಾದಕರು ಕೇಳಿದಾಗ ಎರಡು ಸಲ ಬೇಡವೆಂದೆ. ಹಗಲು ಕೆಲಸ ಮಾಡಿ ಸಂಜೆ ಕಾಲೇಜಿನಲ್ಲಿ ಕಲಿತ ಅಷ್ಟಿಷ್ಟು ಕನ್ನಡ ನನ್ನದು. ಇಂಜಿನ್ನಿನ ಸಂಗತಿಗಳಂತೂ ಟೈಪ್ ಮಾಡಿ ಗೊತ್ತೇ ಹೊರತು ಕೈಯಿಟ್ಟು ಗೊತ್ತಿಲ್ಲ. ಮೇಲಾಗಿ, ಹೇಳಹೊರಟಿರುವ ಪ್ರಸಂಗವನ್ನು ಹೇಳಬಹುದೇ ಎಂದು ನಾನು ಹ್ಯೂಬರ್ಟ್ ಮೋನಿಸರನ್ನೇ ಕೇಳಿಲ್ಲ. ಕೇಳಿದ್ದರೆ ಬೇಡವೆನ್ನುತ್ತಿದ್ದರು. ಆದ್ದರಿಂದ ಮೊದಲೇ ಅವರ ಕ್ಷಮೆ ಕೋರಿ ಆರಂಭಿಸುತ್ತೇನೆ.

ಅಬುಧಾಬಿಯ ಮುಸಫ್ಫಾದಲ್ಲಿ ಗ್ಯಾರೇಜುಗಳಿಗೆ ಲೆಕ್ಕವಿಲ್ಲ. ಆದರೆ ಐವತ್ತು ವರ್ಷ ಹಳೆಯ ಅಮೆರಿಕನ್ ಕಾರೊಂದು ಕೆಮ್ಮತೊಡಗಿದರೆ ಅದರ ಒಡೆಯರು, ದುಬೈಯವರಾಗಲಿ ಅಲ್ ಐನಿನವರಾಗಲಿ, ಹುಡುಕಿಕೊಂಡು ಬರುತ್ತಿದ್ದುದು ಶ್ರೀ ಹ್ಯೂಬರ್ಟ್ ಮೋನಿಸರನ್ನು. ಕಲ್ಯಾಣಪುರದಿಂದ 1983ರಲ್ಲಿ ಇಲ್ಲಿಗೆ ಬಂದ ಅವರು, ಮೂವತ್ತಮೂರು ವರ್ಷ ಒಂದೇ ಗ್ಯಾರೇಜಿನಲ್ಲಿ ದುಡಿದು, ಎಲೆಕ್ಟ್ರಾ ಸ್ಟ್ರೀಟಿನ ಒಂದೇ ಕೋಣೆಯಲ್ಲಿ ಬಾಳಿ, ಕಳೆದ ಜೂನ್ ಕೊನೆಗೆ ವೀಸಾ ರದ್ದು ಮಾಡಿಸಿಕೊಂಡು ನಿವೃತ್ತರಾದರು. ಅರಬರಿಗೆ ಅವರು ‘ಉಸ್ತಾದ್’, ಕ್ರೈಸ್ತರನ್ನು ಗೌರವದಿಂದ ಹಾಗೆ ಕರೆಯುವ ನಮ್ಮ ಕರಾವಳಿಯವರಿಗೆ ‘ಪೊರ್ಬುಗಳು’.

2011ರಲ್ಲಿ ನಾನು ಆ ಗ್ಯಾರೇಜಿನ ಕಚೇರಿಗೆ ಸೇರಿದ ಹೊಸತರಲ್ಲಿ ಒಂದು ಕಾರಿನ ಮುಂದೀಪಗಳ ಚೌಕಟ್ಟನ್ನು ಬೇರೆ ವರ್ಷದ್ದೆಂದು ತಿಳಿಯದೆ ತರಿಸಿಬಿಟ್ಟೆ. ಎರಡು ತಿಂಗಳು ಕಾದ ಪೆಟ್ಟಿಗೆ ಒಡೆದಾಗ ಅದು ಕೂರಲೇ ಇಲ್ಲ. ಮಾಲೀಕರು ನನ್ನ ಮುಖ ನೋಡುವಷ್ಟರಲ್ಲಿ ಹ್ಯೂಬರ್ಟರು, “ವರ್ಷ ತಪ್ಪು ಹೇಳಿದ್ದು ನಾನು” ಎಂದರು. ಅವರು ಸರಿಯಾಗಿಯೇ ಹೇಳಿದ್ದರು. ನನ್ನ ಕೆಲಸ ಉಳಿಯಿತು. ಅಂದು ನನಗಾಗಿ ಅಷ್ಟು ಸರಾಗವಾಗಿ ಸುಳ್ಳಾಡಿದ ಅದೇ ಮನುಷ್ಯ ನಾಲ್ಕು ವರ್ಷದ ಮೇಲೆ ಹೇಗೆ ನಡೆದುಕೊಂಡರೆಂಬುದೇ ಈ ಲೇಖನದ ವಿಷಯ.

ಪಟ್ಟೆ ಬಳಿದ, ಸೈಲೆನ್ಸರ್ ತೂತು ಮಾಡಿಸಿದ ಯಾವುದೋ ಕಾರನ್ನು ತಂದು ನಿಲ್ಲಿಸಿ ಇದು ಮಸಲ್ ಕಾರು ಎನ್ನುವವರು ಗ್ಯಾರೇಜಿಗೆ ಆಗಾಗ ಬರುತ್ತಿದ್ದರು. ಅವರು ಹೋದ ಮೇಲೆ ಚಹಾದ ಹೊತ್ತಿಗೆ ಚರ್ಚೆ ಏಳುತ್ತಿತ್ತು. ಹ್ಯೂಬರ್ಟರ ಜೊತೆ ಇಪ್ಪತ್ತು ವರ್ಷ ಕೆಲಸ ಮಾಡಿದ ಕಾಪುವಿನ ಗುಣಪಾಲ ಕೆಣಕುತ್ತಿದ್ದ.

“ಪೊರ್ಬುಗಳೇ, ಹಾಗಾದರೆ ನಿಜವಾದ ಮಸಲ್ ಕಾರು ಅಂದ್ರೆ ಎಂತದು? ಒಮ್ಮೆ ಸರಿಯಾಗಿ ಹೇಳಿಬಿಡಿ.”

“ಎಂತದೂ ಇಲ್ಲ ಮಾರಾಯ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗುವ ಸಾಧಾರಣ ಕಾರಿನ ಮೈ, ಬಾಗಿಲು ಮಾತ್ರ ಎರಡೇ. ಅದರೊಳಗೆ ಲಾರಿಗೆ ಸಾಕಾಗುವಷ್ಟು ದೊಡ್ಡ ಎಂಟು ಸಿಲಿಂಡರಿನ ಇಂಜಿನ್ ತುರುಕಿದ್ದಾರೆ. ಸಂಬಳದವನೂ ಕಂತು ಕಟ್ಟಿ ತರುವ ಹಾಗಿನ ಬೆಲೆ. ಅರವತ್ತನಾಲ್ಕರಿಂದ ಎಪ್ಪತ್ತೆರಡು, ಹೆಚ್ಚೆಂದರೆ ಎಪ್ಪತ್ತಮೂರು. ಮತ್ತೆ ಖಲಾಸ್. ನೇರ ರಸ್ತೆಯಲ್ಲಿ ಅದನ್ನು ಹಿಡಿಯುವವರಿಲ್ಲ, ತಿರುವು ಬಂದರೆ ದೇವರೇ ಗತಿ.”

“ನಮ್ಮ ಮಂಗಳೂರು-ಉಡುಪಿ ಎಕ್ಸ್‌ಪ್ರೆಸ್ ಬಸ್ಸಿನ ಹಾಗೆ.”

“ಬಸ್ಸಿನವ ತಿರುವಿನಲ್ಲೂ ಬ್ರೇಕ್ ಹಾಕುವುದಿಲ್ಲ. ಇದಕ್ಕೆ ಹಾಕಬೇಕು ಅಂತ ಮನಸ್ಸು ಉಂಟು, ಆಗುವುದಿಲ್ಲ.”

ಒಮ್ಮೆ ನಾನು ಕೇಳಿದೆ: ಅದರ ಇಂಜಿನ್ ತೆಗೆದು ಬೇರೆಯದು ಹಾಕಿದರೆ ಆಗಲೂ ಅದು ಅದೇ ಕಾರೇ? ಹ್ಯೂಬರ್ಟರು ಲೋಟ ತೊಳೆಯಲು ಎದ್ದುಹೋದರು. ಹಾಗೆ ಎದ್ದುಹೋದದ್ದರ ಅರ್ಥ ತಿಳಿದದ್ದು 2015ರ ಅಕ್ಟೋಬರಿನಲ್ಲಿ.

ಆ ತಿಂಗಳು ಸೌದಾ ಎಂಬ ಎಮಿರಾತಿ ಮಹಿಳೆ ಟ್ರೇಲರಿನ ಮೇಲೆ ಒಂದು ಕಾರನ್ನು ತಂದಿಳಿಸಿದರು. 1970ರ ಶೆವ್ರೊಲೆ ಶೆವೆಲ್, ಕಡುನೀಲಿ. ಹ್ಯೂಬರ್ಟರಿಗೆ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಡುವುದೂ ಮರೆತುಹೋಯಿತು. ಚಾಲಕನ ಬಾಗಿಲ ಕೆಳಗಿನ ನಗ್ಗನ್ನು ಇಪ್ಪತ್ತೇಳು ವರ್ಷಗಳ ಹಿಂದೆ ಬಡಿದು ತೆಗೆದದ್ದು ಅವರೇ. ಕಾರಿನ ಒಡೆಯ, ಸೌದಾ ಅವರ ತಂದೆ, ಎರಡು ವರ್ಷಗಳ ಹಿಂದೆ ತೀರಿಕೊಂಡಿದ್ದರು.

ಬಾನೆಟ್ ಎತ್ತಿದಾಗ ಒಳಗಿದ್ದುದು ಪಿಕಪ್ ಗಾಡಿಯ ಆರು ಸಿಲಿಂಡರಿನ ಇಂಜಿನ್. ಅದನ್ನು ಅಲ್ಲಿ ಕೂರಿಸಿದ್ದೂ ಹ್ಯೂಬರ್ಟರೇ.

“ಉಸ್ತಾದ್, ಹೊಸ ಇಂಜಿನ್ ಬೇಡ,” ಎಂದರು ಸೌದಾ, ಹಿಂದಿಯೂ ಅರಬಿಯೂ ಬೆರೆತ ಮಾತಿನಲ್ಲಿ. “ಬಾಬಾನ ಇಂಜಿನ್ ಬೇಕು. ದುಬೈಯಲ್ಲಿ ಮೇ ತಿಂಗಳು ಹಳೆ ಕಾರುಗಳ ಪ್ರದರ್ಶನ ಉಂಟು. ಸ್ವಂತ ಇಂಜಿನ್ ಇರುವ ಕಾರುಗಳಿಗೆ ಬೇರೆ ಸಾಲು. ಆ ಸಾಲಿನಲ್ಲಿ ಬಾಬಾನ ಹೆಸರು ಹಾಕಿ ನಿಲ್ಲಿಸಬೇಕು. ಇದೇ ಇಂಜಿನ್ ಅಂತ ಮೆಕ್ಯಾನಿಕ್ ಸಹಿ ಮಾಡಿದ ಕಾಗದ ಕೇಳ್ತಾರೆ. ನೀವೇ ತೆಗೆದದ್ದು, ನೀವೇ ಹುಡುಕಿ ಕೊಡಿ.”

ಅವರ ಮಾತಿನಲ್ಲಿ ಆರೋಪವಿರಲಿಲ್ಲ. ಹ್ಯೂಬರ್ಟರಿಗೆ ಮಾತ್ರ ಅದು ಆರೋಪದಂತೆಯೇ ಕೇಳಿಸಿತು.

1988ರ ಬೇಸಿಗೆಯಲ್ಲಿ ಆ ಕಾರು ಬಿಸಿಯಾಗಿ ಹೆಡ್ ಗ್ಯಾಸ್ಕೆಟ್ ಸುಟ್ಟುಕೊಂಡಿತ್ತು. ಇಂಜಿನ್ ಬ್ಲಾಕಿನ ಮೇಲ್ಮೈಯನ್ನು ಯಂತ್ರದಲ್ಲಿ ಉಜ್ಜಿಸಿ ಸಮಮಾಡುವ ಕೆಲಸವನ್ನು ಗ್ಯಾರೇಜಿನವರು ಫೇಸಿಂಗ್ ಎನ್ನುತ್ತಾರೆ. ಹ್ಯೂಬರ್ಟರು ಬ್ಲಾಕನ್ನು ಹೊತ್ತುಕೊಂಡು ಹೋಗಿ ಫೇಸಿಂಗ್ ಮಾಡಿಸಿದರು. ಯಂತ್ರದವನು ಸಾಕೇ ಎಂದು ಕೇಳಿದಾಗ, ಕೆಲಸ ಚೊಕ್ಕವಾಗಿರಲೆಂಬ ಹುಮ್ಮಸ್ಸಿನಲ್ಲಿ, ಇನ್ನೊಂದು ಪದರ ತೆಗೆ ಎಂದವರು ಅವರೇ. ಈ ಜಾತಿಯ ಇಂಜಿನ್ನಿನಲ್ಲಿ ಕಾರಿನ ನಂಬರನ್ನು ಕುಟ್ಟಿರುವುದು ಅದೇ ಮೇಲ್ಮೈಯ ಮುಂದಿನ ಮೂಲೆಯಲ್ಲಿ. ಆ ಇನ್ನೊಂದು ಪದರದ ಜೊತೆ ನಂಬರೂ ಹೋಯಿತು. ಆ ಕಾಲದಲ್ಲಿ ಅದನ್ನು ಯಾರೂ ನೋಡುತ್ತಿರಲಿಲ್ಲ. ಕಾರು ಮತ್ತೆ ಬಿಸಿಯಾಯಿತು. ಬೇಸತ್ತ ಒಡೆಯ ಚಿಕ್ಕ ಇಂಜಿನ್ ಹಾಕಿಸಿ, ದೊಡ್ಡದನ್ನು ಗೆಳೆಯನ ಖರ್ಜೂರದ ತೋಟಕ್ಕೆ, ಬಾವಿಯ ಪಂಪು ನಡೆಸಲು, ಕಳಿಸಿಕೊಟ್ಟರು.

ಹ್ಯೂಬರ್ಟರಿಗೆ ಉಳಿದದ್ದು ಎಂಟು ತಿಂಗಳು. ಆ ಚಳಿಗಾಲದ ಶುಕ್ರವಾರದ ರಜೆಗಳಲ್ಲಿ, ಇಗರ್ಜಿಯ ಪೂಜೆ ಮುಗಿಸಿ, ಗುಣಪಾಲನ ಪಿಕಪ್ಪಿನಲ್ಲಿ ಅಲ್ ಐನ್ ಕಡೆಯ ತೋಟಗಳನ್ನು ಒಂದೊಂದಾಗಿ ನೋಡಿಬಂದರು. ಅರವತ್ತರ ಹೊಸ್ತಿಲಲ್ಲಿದ್ದವರು ಪಂಪಿನ ಕೊಟ್ಟಿಗೆಗಳ ಹಿಂದೆ ಮಂಡಿಯೂರಿ ಗರಿ ಸರಿಸಿ ನೋಡುತ್ತಿದ್ದರು. ಊರಿನಿಂದ ಪತ್ನಿ ಅಪೊಲೊನಿಯಾ ಫೋನು ಮಾಡಿ, ಹೊಸ ಮನೆಗೆ ಯಾವ ಬಣ್ಣ ಬಳಿಯಲೆಂದು ಕೇಳಿದರೆ ಕಡುನೀಲಿ ಎಂದು ಉತ್ತರಿಸಿ ಬೈಸಿಕೊಂಡರಂತೆ.

ಫೆಬ್ರವರಿಯಲ್ಲಿ ಆ ಗೆಳೆಯನ ತೋಟ ಸಿಕ್ಕಿತು. ಅದು ಕೈಬದಲಾಗಿ ವರ್ಷಗಳಾಗಿದ್ದವು. ಪೇಶಾವರದ ಕಡೆಯ ಮುದುಕ ಕಾವಲುಗಾರ ಮಾತ್ರ ಹಳಬ. ಕೊಟ್ಟಿಗೆಯ ಹಿಂದೆ, ತುಕ್ಕು ಹಿಡಿದ ಪೈಪುಗಳಡಿ, ಒಂದು ದೊಡ್ಡ ಇಂಜಿನ್ ಬಿದ್ದಿತ್ತು. ಹ್ಯೂಬರ್ಟರು ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ನಂಬರಿರಬೇಕಾದ ಮೂಲೆಯನ್ನು ಒರೆಸಿದರು. ನುಣ್ಣಗಿತ್ತು. ಹಿಂಬದಿಯ ಎರಕದ ಗುರುತು 1970ರ ಫೆಬ್ರವರಿಯದು. ಕಾರು ತಯಾರಾದದ್ದು ಮಾರ್ಚಿನಲ್ಲಿ.

“ಸಿಕ್ಕಿತಲ್ಲ,” ಎಂದ ಗುಣಪಾಲ.

ಆದರೆ ಕಾವಲುಗಾರನ ಪ್ರಕಾರ ಆ ವರ್ಷಗಳಲ್ಲಿ ಇಂಥವೇ ಮೂರು ಇಂಜಿನ್ನುಗಳು ಆ ಬಾವಿಗೆ ಬಂದಿದ್ದವು; ಎರಡು ಗುಜರಿಗೆ ಹೋದವು. ಯಾವುದು ಯಾರದೆಂದು ಅವನಿಗೆ ಗೊತ್ತಿಲ್ಲ. ಫೇಸಿಂಗ್ ಆದ ಇಂಜಿನ್ ಅದೊಂದೇ ಎನ್ನುವಂತೆಯೂ ಇರಲಿಲ್ಲ. ಈ ದೇಶದ ಬಿಸಿಲಿಗೆ ಉಜ್ಜಿಸದೆ ಉಳಿದ ಬ್ಲಾಕುಗಳೇ ಅಪರೂಪ. ಆ ತಿಂಗಳಲ್ಲಿ ಎರಕಹೊಯ್ದವು ಸಾವಿರಾರು.

ಎರಡು ತಿಂಗಳು ಹ್ಯೂಬರ್ಟರು ಅದನ್ನು ಬಿಚ್ಚಿ, ತೊಳೆದು, ಹೊಸ ಪಿಸ್ಟನ್ ಹಾಕಿ ಜೋಡಿಸಿದರು. ಕಾಗದದ ದಿನ ಹತ್ತಿರವಾದಂತೆ ಗುಣಪಾಲ ಒಂದು ಮಧ್ಯಾಹ್ನ ಪುಟ್ಟ ಡಬ್ಬಿ ತಂದಿಟ್ಟ. ಒಳಗೆ ಉಕ್ಕಿನ ಅಂಕಿಗಳು, ಕಬ್ಬಿಣದ ಮೇಲೆ ಕುಟ್ಟುವಂಥವು.

“ಐದು ನಿಮಿಷದ ಕೆಲಸ. ನೀವು ಅಳಿಸಿದ್ದನ್ನು ನೀವೇ ಬರೆಯುವುದು. ಅದರಲ್ಲಿ ತಪ್ಪೆಂತ ಉಂಟು?”

“ಅಳಿಸಿದ್ದು ಇದರಿಂದಲೇ ಅಂತ ಗೊತ್ತಿದ್ದರೆ ಕುಟ್ಟುತ್ತಿದ್ದೆ.”

“ಆ ಹೆಂಗಸು ಆರು ತಿಂಗಳಿಂದ ಕಾಯ್ತಾ ಇದ್ದಾರೆ. ಬರುವ ಶುಕ್ರವಾರ ಪಾದ್ರಿಗಳ ಹತ್ತಿರ ಹೇಳಿಕೊಂಡರೆ ನಿಮ್ಮದು ಮಾಫಿ ಅಲ್ವಾ, ಪೊರ್ಬುಗಳೇ. ನಮಗಾದರೆ ಆ ಅನುಕೂಲವೂ ಇಲ್ಲ.”

“ಪಾದ್ರಿಗಳು ಕೇಳುತ್ತಾರೆ, ಇನ್ನು ಮಾಡುವುದಿಲ್ಲವಾ ಅಂತ. ನಾನು ಇನ್ನೆಲ್ಲಿ ಮಾಡುವುದು, ಜೂನಿಗೆ ವೀಸಾ ಮುಗೀತದೆ.”

ಗುಣಪಾಲ ನಕ್ಕ. ಹ್ಯೂಬರ್ಟರೂ ನಕ್ಕರು. ಡಬ್ಬಿ ಮುಚ್ಚಿ ಹಿಂದೆ ತಳ್ಳಿದರು. ಆಮೇಲೆ ನನ್ನ ಮೇಜಿನ ಬಳಿ ಬಂದು ನಿಂತು, ಮಗಳನ್ನು ಕರೆಯುವ ಹಾಗೆ, “ಬಾಯೆ, ಒಂದು ಕಾಗದ ಬರೀಬೇಕು, ಇಂಗ್ಲಿಷಿನಲ್ಲಿ. ನಾನು ಹೇಳ್ತೇನೆ, ನೀನು ಚಂದ ಮಾಡಬೇಡ” ಎಂದರು.

ನನ್ನ ಜೀವನದಲ್ಲಿ ಅಷ್ಟು ಕಷ್ಟಪಟ್ಟು ಟೈಪ್ ಮಾಡಿದ ಕಾಗದ ಬೇರೊಂದಿಲ್ಲ. ಅದರಲ್ಲಿದ್ದುದು ಇಷ್ಟು: ಇಂಜಿನ್ ಆ ಕಾರಿನ ಕಾಲದ್ದು, ಆ ಜಾತಿಯದ್ದು. 1988ರಲ್ಲಿ ನಂಬರನ್ನು ಅಳಿಸಿದವನು ನಾನು. ಇದು ಅದೇ ಕಾರಿನ ಇಂಜಿನ್ ಹೌದೋ ಅಲ್ಲವೋ ನನಗೆ ಗೊತ್ತಿಲ್ಲ. ಕೆಳಗೆ ಸಹಿ. ‘ಬಹುಶಃ ಹೌದು’ ಎಂದಾದರೂ ಸೇರಿಸೋಣವೇ ಎಂದು ನಾನು ಕೇಳಿದೆ. ಕೇಳಬಾರದಿತ್ತೇನೋ. ನನಗಾಗಿ ಒಮ್ಮೆ ಸುಳ್ಳು ಹೇಳಿದ್ದರಲ್ಲ ಎಂಬುದು ನನ್ನ ನಾಲಗೆಯ ತುದಿಗೆ ಬಂದಿತ್ತು. ಅವರಿಗೆ ಅದು ಮುಖದಲ್ಲೇ ಕಂಡಿರಬೇಕು. “ಅಲ್ಲಿ ನನಗೆ ಸತ್ಯ ಗೊತ್ತಿತ್ತು,” ಎಂದರು. “ಇಲ್ಲಿ ಗೊತ್ತಿಲ್ಲ.”

ಸೌದಾ ಬಂದು ಕಾಗದವನ್ನು ನಿಂತೇ ಓದಿದರು. ಮೊದಲಿನಿಂದ ಮತ್ತೊಮ್ಮೆ ಓದಿದರು. ನಂತರ ಕಾರಿನ ಬಳಿ ಹೋಗಿ, ಚಾಲಕನ ಬದಿ ಬಿಟ್ಟು ಪಕ್ಕದ ಸೀಟಿನಲ್ಲಿ ಕೂತು, “ಯಲ್ಲಾ ಉಸ್ತಾದ್, ನೀವು ಸ್ಟಾರ್ಟ್ ಮಾಡಿ” ಎಂದರು.

ಹ್ಯೂಬರ್ಟರು ಕೀಲಿ ತಿರುಗಿಸಿದರು. ಎರಡು ಸಲ ಕೆಮ್ಮಿ ಇಂಜಿನ್ ಹಿಡಿಯಿತು. ಆ ಸದ್ದಿಗೆ ನನ್ನ ಕಿಟಕಿಯ ಗಾಜು ನಡುಗಿತು. ಪಕ್ಕದ ಗ್ಯಾರೇಜಿನವರು ಕೆಲಸ ಬಿಟ್ಟು ಬಂದು ನಿಂತರು.

“ಇದೇ ಸದ್ದಾ, ಉಸ್ತಾದ್? ಆಗ ನನಗೆ ಏಳು ವರ್ಷ. ಬಾಬಾ ಗೇಟಿನ ಹತ್ತಿರ ಬಂದ ಕೂಡಲೇ ಗೊತ್ತಾಗುತ್ತಿತ್ತು ಅಂತ ನೆನಪುಂಟು. ಸದ್ದು ನೆನಪಿಲ್ಲ.”

“ಈ ಜಾತಿಯ ಇಂಜಿನ್ನುಗಳೆಲ್ಲ ಹೀಗೇ ಕೇಳ್ತವೆ, ಮೇಡಂ.”

ಸೌದಾ ಕಾಗದವನ್ನು ಮಡಚಿ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿಟ್ಟು, ಸೀಟು ಬದಲಿಸಿ, ತಾವೇ ಓಡಿಸಿಕೊಂಡು ಹೋದರು. ಮೇ ತಿಂಗಳ ಪ್ರದರ್ಶನದಲ್ಲಿ ಶೆವೆಲ್ ಬೇರೆ ಇಂಜಿನ್ ಹಾಕಿದ ಕಾರುಗಳ ಸಾಲಿನಲ್ಲಿ ನಿಂತಿತ್ತು. ಫಲಕದ ಮೇಲೆ ಸೌದಾ ತಂದೆಯ ಹೆಸರನ್ನೇ ಬರೆಸಿದ್ದರು.

ಮಾನ್ಯ ಹ್ಯೂಬರ್ಟ್ ಮೋನಿಸರು ಈಗ ಕಲ್ಯಾಣಪುರದಲ್ಲಿದ್ದಾರೆ. ಅಪೊಲೊನಿಯಾ ಅಮ್ಮನವರೊಂದಿಗೆ ಅವರು ನೂರ್ಕಾಲ ಬಾಳಲಿ, ಊರಿನ ಬೈಕು, ಪಂಪುಗಳಿಗಾದರೂ ಅವರ ಕೈಯ ಹದ ಸಿಗುತ್ತಿರಲಿ ಎಂದು ಅವರ ಜೊತೆ ದುಡಿದ ನಾವೆಲ್ಲ ಹಾರೈಸುತ್ತೇವೆ. ಅವರಿಲ್ಲದ ಮುಸಫ್ಫಾದಲ್ಲಿ ದೊಡ್ಡ ಇಂಜಿನ್ನೊಂದು ಗೇಟು ದಾಟಿ ಬಂದಾಗಲೆಲ್ಲ ನಾನು ತಲೆಯೆತ್ತಿ ನೋಡುತ್ತೇನೆ.

ಒಂದು ಮಾತು ಹೇಳದೆ ಮುಗಿಸಲಾರೆ. ಆ ಕಾರಿನ ಹಳೆಯ ಸದ್ದನ್ನು ಕೇಳಿ ನೆನಪಿಟ್ಟುಕೊಂಡಿರಬಹುದಾದವರಲ್ಲಿ ಈಗ ಬದುಕಿರುವವರು ಹ್ಯೂಬರ್ಟರೊಬ್ಬರೇ. ಅಂದು ಇಂಜಿನ್ ಹಿಡಿದಾಗ ಅವರು ಸ್ಟೀರಿಂಗಿನ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದ್ದನ್ನು ನಾನು ಕಿಟಕಿಯಿಂದ ನೋಡಿದೆ. ಅವರಿಗೆ ಅದರ ಗುರುತು ಸಿಕ್ಕಿತೋ ಇಲ್ಲವೋ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ನನಗೆ ಗೊತ್ತಿಲ್ಲ.