ಯಾದಗಿರಿಯಲ್ಲಿ ಸಿಕ್ಕ ತೀರ್ಪುಗಾರರ ಬ್ಯಾಡ್ಜು

ಬೆಳಿಗ್ಗೆ ಆರೂವರೆಗೆ ಯಾದಗಿರಿ ಸ್ಟೇಷನ್ನಿನಲ್ಲಿ ಇಳಿದಾಗ ಮೈ ನಡುಗುವಷ್ಟು ಚಳಿ ಇತ್ತು. ಅದು ಬಿಸಿಲಿನ ಊರು ಎಂದು ತುಮಕೂರಿನಲ್ಲಿ ಎಲ್ಲರೂ ಹೆದರಿಸಿದ್ದರಿಂದ ನಾನು ಸ್ವೆಟರನ್ನೇ ತಂದಿರಲಿಲ್ಲ. ಸೀರೆಯ ಸೆರಗನ್ನು ಕಿವಿಯವರೆಗೆ ಸುತ್ತಿಕೊಂಡು ಹೊರಗೆ ಬಂದು, ಚಹಾ ಮಾರುವವನನ್ನು ಉತ್ಸವ ಎಲ್ಲಿ ಎಂದು ಕೇಳಿದೆ. "ಇಲ್ಲೇ ಅದ್ರಿ, ಮೈದಾನದಾಗ" ಎಂದ. ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ ಮುದುಕರು "ಇಲ್ಲಲ್ಲೋ, ಶಹಾಪುರದಾಗ" ಎಂದರು. ಆಟೊದವನು "ಸುರಪುರದಾಗ ಅಂತ ನಮ್ಮ ಮನ್ಯಾಗ ಅಂದ್ರು" ಎಂದ. ಮೂವರೂ ಹೇಳಿದ್ದು ನಿಜವೇ ಆಗಿತ್ತು. ಮೂರು ದಿನದ ಚಳಿಗಾಲದ ಉತ್ಸವ, ಮೂರು ಊರಿನಲ್ಲಿ ದಿನಕ್ಕೊಂದರಂತೆ. ಇದು ತಿಳಿಯುವುದಕ್ಕೆ ನನಗೆ ಎರಡು ಕಪ್ ಚಹಾ ಬೇಕಾಯಿತು.

ನಾನು ಯಾಕೆ ಹೋಗಿದ್ದೆ ಎಂದು ಹೇಳಬೇಕು. ತುಮಕೂರಿನಲ್ಲಿ ಮೂವತ್ತು ವರ್ಷ ಗುಂಡಿ, ಲೇಸು, ದಾರದ ಅಂಗಡಿ ನಡೆಸಿದವಳು ನಾನು. ಯಾವುದೋ ಸಮ್ಮೇಳನದವರು ಬ್ಯಾಡ್ಜಿಗೆಂದು ಪಿನ್ನು, ರಿಬ್ಬನ್ ಕೊಂಡಾಗ ಮಾದರಿಗೆ ಒಂದನ್ನು ಬಿಟ್ಟುಹೋಗಿದ್ದರು. ಆವತ್ತಿನಿಂದ ಹುಚ್ಚು ಹತ್ತಿತು. ಸ್ವಯಂಸೇವಕರ ಬ್ಯಾಡ್ಜು, ಊಟದ ಟೋಕನ್, ಕೀಚೈನು, ಕಾಗದದ ಬಾವುಟ, ಎಲ್ಲವೂ ನಮ್ಮ ಮನೆಯ ಗೋಡೆಯ ಮೇಲೆ ಮಖಮಲ್ಲಿನ ಬಟ್ಟೆಗೆ ಚುಚ್ಚಿ ಕೂತಿವೆ. ಅಂಗಡಿಯನ್ನು ತಂಗಿಗೆ ಒಪ್ಪಿಸಿದ ಮೇಲೆ ಪ್ರತಿ ಚಳಿಗಾಲ ಒಂದು ಊರಿನ ಉತ್ಸವಕ್ಕೆ ಹೋಗಿಬರುವುದು ರೂಢಿ. ಕಲ್ಯಾಣ ಕರ್ನಾಟಕದ್ದು ಒಂದೂ ಇರಲಿಲ್ಲ.

ಮೈದಾನದ ಬಾಗಿಲಲ್ಲಿ ಒಂದು ಮೇಜು, ಮೇಜಿನ ಹಿಂದೆ ಶರಣಪ್ಪ ಎಂಬ ಸಂಘಟಕರು. ಪಕ್ಕದಲ್ಲೇ ಧ್ವನಿವರ್ಧಕ ಒದರುತ್ತಿತ್ತು. ನಾನು ತುಮಕೂರಿನಿಂದ ಬಂದಿರುವುದಾಗಿಯೂ, ಅವರಲ್ಲಿರುವ ಬ್ಯಾಡ್ಜುಗಳಲ್ಲೆಲ್ಲ ಒಂದೊಂದು ಬೇಕೆಂದೂ ಕೂಗಿ ಹೇಳಿದೆ.

"ಹೆಸರೇನ್ರಿ?"

"ಗಿರಿಜಾ."

ಅವರ ಮುಖ ಅರಳಿತು. "ಅಯ್ಯ, ನೀವ ಏನ್ರಿ! ನೀವು ಬರೂದನ್ನ ಕಾಯಾಕತ್ತಿದ್ವಿ" ಎಂದು ಎದ್ದು ನಿಂತು ಕೈಮುಗಿದರು. ಡಬ್ಬಿಯೊಂದನ್ನು ತೆರೆದು, ಮಡಿಕೆ ಮಡಿಕೆಯಾಗಿ ಹೂವಿನಂತೆ ಹೊಲಿದ ಕೆಂಪು ರೇಷ್ಮೆ ರಿಬ್ಬನ್ನಿನ ಬ್ಯಾಡ್ಜನ್ನು ತಾವೇ ನನ್ನ ಕೈಗಿಟ್ಟರು. ನಡುವಿನ ಹಿತ್ತಾಳೆ ಬಿಲ್ಲೆಯ ಮೇಲೆ ಕೋಟೆ, ಕೆಳಗೆ ಬಂಗಾರದ ಅಕ್ಷರದಲ್ಲಿ 'ತೀರ್ಪುಗಾರರು'. ಅಂಥ ಕೆಲಸದ ಬ್ಯಾಡ್ಜನ್ನು ನಾನು ಎಲ್ಲೂ ಕಂಡಿರಲಿಲ್ಲ. ದೂರದಿಂದ ಬಂದವಳೆಂದು ಇದ್ದುದರಲ್ಲಿ ಒಳ್ಳೆಯದನ್ನೇ ಕೊಟ್ಟರು ಅಂದುಕೊಂಡೆ. ನಾನು ಇಳಿಯುವ ಲಾಡ್ಜು ಯಾವುದೆಂದು ಕೇಳಿಕೊಂಡು, "ನಾಳಿ ಏಳಕ್ಕ ಅಲ್ಲಿಗಿ ಗಾಡಿ ಬರ್ತದ್ರಿ, ಶಹಾಪುರಕ್ಕ ಹೋಗೂದದ" ಎಂದರು. ಹೊರಗಿನಿಂದ ಬಂದವರಿಗೆ ಊರು ತೋರಿಸುವ ಏರ್ಪಾಡು ಇರಬೇಕೆಂದು ಸಂತೋಷಪಟ್ಟೆ. ಆ ದಿನವೆಲ್ಲ ಕುಸ್ತಿ ನೋಡಿದೆ, ಮಿರ್ಚಿ ಭಜಿ ತಿಂದೆ, ಎರಡು ಊಟದ ಟೋಕನ್ ಸಂಪಾದಿಸಿದೆ.

ಮರುದಿನ ಹೇಳಿದ ಹೊತ್ತಿಗೆ ಜೀಪು ಬಂತು. ಶರಣಪ್ಪನವರು ಮುಂದೆ ಕೂತಿದ್ದರು. ಭೀಮಾ ನದಿಯ ಸೇತುವೆಯ ಮೇಲೆ ಮಂಜಿತ್ತು. ಅದನ್ನು ದಾಟಿದರೆ ದಾರಿಯ ಎರಡೂ ಬದಿಗೆ ಹತ್ತಿ. ಲಾರಿಗಳಿಂದ ಉದುರಿದ ಅರಳೆ ಜಾಲಿಗಿಡಗಳಿಗೆ ಸಿಕ್ಕಿಕೊಂಡು ಹೂ ಬಿಟ್ಟಂತೆ ಕಾಣುತ್ತಿತ್ತು. ಶಹಾಪುರ ಯಾದಗಿರಿಯಿಂದ ಒಂದು ಗಂಟೆಯ ದಾರಿ. ಊರು ಹತ್ತಿರವಾದಾಗ ಬೆಟ್ಟದ ಸಾಲೊಂದನ್ನು ತೋರಿಸಿ, "ಬುದ್ಧ ಮಲಗ್ಯಾನ ನೋಡ್ರಿ" ಎಂದರು. ನನಗೆ ಮೊದಲು ಬರೀ ಬಂಡೆ ಕಂಡಿತು. ಜೀಪು ತಿರುಗಿದ ಮೇಲೆ ಹಣೆ, ಮೂಗು, ಗದ್ದ ಕಂಡವು. ಆಮೇಲೆ ಎಷ್ಟು ಪ್ರಯತ್ನಿಸಿದರೂ ಬರೀ ಬಂಡೆ ಕಾಣಲಿಲ್ಲ.

ಚುರುಮುರಿಯ ಸುಸಲಾ ತಿನ್ನಿಸಿ ನನ್ನನ್ನು ಕರೆದುಕೊಂಡು ಹೋದದ್ದು ಒಂದು ಸಮುದಾಯ ಭವನಕ್ಕೆ. ಒಳಗೆ ಹಗ್ಗದ ಮೇಲೆ ಹನ್ನೆರಡು ಕೌದಿಗಳು. ಹಳೆಯ ಸೀರೆ, ಧೋತರದ ತುಂಡುಗಳನ್ನು ಪದರ ಪದರವಾಗಿಟ್ಟು ಕೈಯಲ್ಲಿ ಹೊಲಿದ ಹೊದಿಕೆಗಳು. ಗೋಡೆಗೆ ಒರಗಿ ಹನ್ನೆರಡು ಹೆಂಗಸರು. ಶರಣಪ್ಪನವರು ನನ್ನ ಕೈಗೆ ಪೆನ್ನು, ಅಂಕದ ಹಾಳೆ ಕೊಟ್ಟು, "ಹತ್ತಕ್ಕ ಸುರು, ಹನ್ನೊಂದಕ್ಕ ಫಲಿತಾಂಶ. ಮೊದಲನೇ ಬಹುಮಾನ ಹೊಲಿಗಿ ಮಿಷನ್ರಿ" ಎಂದರು. ನನಗೆ ಅರ್ಥವಾದದ್ದು ಆಗ.

"ಶರಣಪ್ಪನವರೇ, ನಾನು..." ಎಂದೆ.

"ಮೇಡಂ, ಹೊತ್ತಾಗೇದ್ರಿ. ಹೆಣ್ಣಮಕ್ಕಳು ಅಡಗಿ ಬಿಟ್ಟು ಬಂದಾರ."

ಇನ್ನೊಂದು ಸಲ ಬಾಯಿ ತೆರೆಯಬಹುದಿತ್ತು. ತೆರೆಯಲಿಲ್ಲ. ಹನ್ನೆರಡು ಜನ ಎದ್ದು ನಿಂತು ನನ್ನನ್ನೇ ನೋಡುತ್ತಿದ್ದರು, ನನ್ನ ಎದೆಯ ಮೇಲೆ ಆ ಕೆಂಪು ಹೂವಿತ್ತು, ದಾರ ಮತ್ತು ಹೊಲಿಗೆ ನನಗೆ ಗೊತ್ತಿಲ್ಲದ ವಿಷಯವೇನೂ ಅಲ್ಲ ಎಂದು ಮನಸ್ಸು ಹೇಳಿತು. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ. ಆಗ ಆಗಲಿಲ್ಲ.

ಒಂದೊಂದೇ ಕೌದಿಯನ್ನು ತಿರುಗಿಸಿ ನೋಡಿದೆ. ಎರಡು ಉಳಿದವಕ್ಕಿಂತ ಮೇಲಿದ್ದವು. ಒಂದು ರಜಿಯಾ ಎಂಬ ಇಪ್ಪತ್ತೈದರ ಹೆಂಗಸಿನದು. ಅಷ್ಟು ಸಮನಾದ ಕೈಹೊಲಿಗೆಯನ್ನು ನಾನು ನೋಡಿಯೇ ಇರಲಿಲ್ಲ, ಹಾಗೆಂದು ಅವಳಿಗೂ ಹೇಳಿದೆ. ಇನ್ನೊಂದು ನಾಗಮ್ಮನದು, ವಯಸ್ಸು ಅರವತ್ತರ ಹತ್ತಿರ. ಬಣ್ಣಗಳ ಜೋಡಣೆ ಕಣ್ಣು ತುಂಬುವಂತಿತ್ತು. ಆದರೆ ಅಂಗೈ ಆಡಿಸಿದಾಗ ನಡುವೆ ಒಂದು ಗಟ್ಟಿ ಗಂಟು ಸಿಕ್ಕಿತು. ಬಟ್ಟೆ ಮುದುಡಿದ್ದನ್ನು ಬಿಡಿಸದೆ ಹಾಗೇ ಹೊಲಿದುಬಿಟ್ಟಿದ್ದಾರೆ ಎಂದುಕೊಂಡು ಮೂರು ಅಂಕ ಕಳೆದೆ. ರಜಿಯಾ ಮೊದಲು, ನಾಗಮ್ಮ ಎರಡನೆಯವರು. ಶರಣಪ್ಪನವರು ಮೈಕಿನಲ್ಲಿ ಕೂಗಿದರು. ಬಹುಮಾನ ಕೊಡುವುದು ಮರುದಿನ ಸುರಪುರದಲ್ಲಿ. ರಜಿಯಾ ಬಾಯಿಗೆ ಸೆರಗು ಮುಚ್ಚಿಕೊಂಡು ಅತ್ತಳು. ನನಗೂ ಕಣ್ಣು ಒದ್ದೆಯಾಯಿತು.

ಎಲ್ಲರೂ ಹೋದ ಮೇಲೆ ನಾಗಮ್ಮ ಕೌದಿ ಮಡಚುತ್ತ ಹತ್ತಿರ ಬಂದರು. ಸಿಟ್ಟಿರಲಿಲ್ಲ.

"ಅಕ್ಕೋರ, ನಂದ್ರಾಗ ಏನ್ ಕಮ್ಮಿ ಆತ್ರಿ? ಮುಂದ ತಿದ್ದಕೊಂತೀನಿ."

"ನಡುವೆ ಬಟ್ಟೆ ಗಂಟಾಗಿದೆ, ನಾಗಮ್ಮ."

ಅವರು ನನ್ನ ಮುಖ ನೋಡಿದರು. "ಅದು ಗಂಟಲ್ರಿ, ರೊಟ್ಟಿ. ಕೌದಿ ಮುಗಸೂ ಮುಂದ ಒಂದು ತುಣುಕು ರೊಟ್ಟಿ ಇಟ್ಟು ಹೊಲಿತೀವಿ ನಮ್ಮನ್ಯಾಗ. ಹೊದ್ದವ್ರು ಹಸದು ಮಲಗಬಾರ್ದು ಅಂತ. ನಮ್ಮವ್ವ ಮಾಡ್ತಿದ್ಲು." ಕೌದಿಯ ಮಡಿಕೆ ಒತ್ತುತ್ತ ಕೇಳಿದರು: "ನಿಮಗ ಗೊತ್ತಿಲ್ಲೇನ್ರಿ?"

ಅವರು ಕೌದಿಯನ್ನು ಮೇಜಿನ ಮೇಲೆ ಉಳಿದವುಗಳ ಜೊತೆ ಇಟ್ಟು ಹೋದರು. ಮಧ್ಯಾಹ್ನ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಬಡಿಸಿದರು. ರೊಟ್ಟಿ ಮುರಿಯಲು ಕೈ ಬರಲಿಲ್ಲ.

ಮೂರನೆಯ ದಿನ ಸುರಪುರದ ದಾರಿಯಲ್ಲಿ ಶರಣಪ್ಪನವರಿಗೆ ಎಲ್ಲ ಹೇಳಿಬಿಟ್ಟೆ. ಜೀಪು ನಿಲ್ಲಿಸಿದರು. ನನ್ನನ್ನೂ ಬ್ಯಾಡ್ಜನ್ನೂ ನೋಡಿದರು. "ಹಂಗಾದ್ರ ಜಡ್ಜ್ ಗಿರಿಜಾಬಾಯಿ ಎಲ್ಲಿ ಹೋದ್ರು?" ಎಂದು ತಮ್ಮನ್ನೇ ಕೇಳಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಯಾರ ಮುಂದನೂ ಅನಬ್ಯಾಡ್ರಿ. ಆಗೂದು ಆಗೇದ. ಈಗ ತಿರುಗಿಸಿದ್ರ ಎಲ್ಲಾರ ಮರ್ಯಾದಿ ಹೋಗ್ತದ" ಎಂದರು. ಅವರ ಮಾತೂ ಸುಳ್ಳೆನಿಸಲಿಲ್ಲ. ಜೀಪು ಮತ್ತೆ ಸುರಪುರದ ಗುಡ್ಡದ ಕಡೆ ಹೊರಟಿತು.

ಗುಡ್ಡದ ಬುಡದ ಚಪ್ಪರದಲ್ಲಿ ಮುಂದಿನ ಸಾಲಿನಲ್ಲೇ ಕನ್ನಡಕದ ಹೆಂಗಸೊಬ್ಬರು ಕೂತಿದ್ದರು. ಸಂಘಟಕರು ಇವರೇ ಎಂದು ಯಾರೋ ಶರಣಪ್ಪನವರನ್ನು ತೋರಿಸಿದೊಡನೆ ಎದ್ದರು. "ಭೀಮರಾಯನಗುಡಿಯಾಗ ಗಾಡಿ ಬರ್ತದ ಅಂತ ನಿನ್ನಿ ಮಧ್ಯಾನತನಕ ಕುಂತೀನಿ. ಫೋನ್ ಹಚ್ಚಿದ್ರ ಎತ್ತಂಗಿಲ್ಲ. ಇವತ್ತ ನಾನ ಬಸ್ಸಿಗಿ ಬಂದೀನಿ. ನನ್ನ ಹೆಸರಿನ್ಯಾಗ ಯಾರ ತೀರ್ಪು ಕೊಟ್ರು?"

ಶರಣಪ್ಪನವರು ಮೊಬೈಲು ನೋಡತೊಡಗಿದರು. "ನಾನು ಕೊಟ್ಟೆ" ಎಂದೆ. ಬ್ಯಾಡ್ಜು ಬಿಚ್ಚಿ ಆಕೆಯ ಕೈಗಿಟ್ಟೆ.

ಗಿರಿಜಾಬಾಯಿ ಬೈಯಲಿಲ್ಲ. ಬ್ಯಾಡ್ಜು ಚುಚ್ಚಿಕೊಂಡು, ಪ್ರದರ್ಶನಕ್ಕೆಂದು ಶಹಾಪುರದಿಂದ ತಂದಿದ್ದ ಕೌದಿಗಳನ್ನು ಮತ್ತೆ ಹಾಸಿಸಿದರು. ಒಂದೂವರೆ ಗಂಟೆ ನೆಲದ ಮೇಲೆ ಕೂತು ನೋಡಿದರು. ಕೊನೆಗೆ ನಾಗಮ್ಮ ಮೊದಲು, ರಜಿಯಾ ಎರಡನೆಯವಳು ಎಂದರು.

"ರೊಟ್ಟಿಗೋಸ್ಕರವೇ?" ಎಂದು ನಾನು ಕೇಳಿದೆ.

"ರೊಟ್ಟಿಗಿ ಯಾರ ಅಂಕ ಕೊಡ್ತಾರ್ರಿ? ಈಕಿ ಅಂಚಿನಿಂದ ಸುರು ಮಾಡಿ ಸುತ್ತಿ ಸುತ್ತಿ ನಡುವಿನತನಕ ಬಂದಾಳ, ಸಾಲು ಎಲ್ಲೂ ಕಡದಿಲ್ಲ. ಆ ಹುಡುಗಿ ಅಡ್ಡ ಅಡ್ಡ ಹೊಲದಾಳ. ಹೊಲಿಗಿ ಚಂದ ಅದ, ಖರೆ. ಪದ್ಧತಿ ಅಲ್ಲ."

ಅಂದರೆ ನಾನು ತಪ್ಪು ಮಾಡಿದ್ದು ನಾನು ಅಂದುಕೊಂಡ ಜಾಗದಲ್ಲಿ ಅಲ್ಲವೇ ಅಲ್ಲ. ನಾಗಮ್ಮ ವೇದಿಕೆಯ ಮೇಲೆ ಮಿಷನ್ನಿನ ಚಕ್ರವನ್ನು ಒಂದು ಸಲ ತಿರುಗಿಸಿ ನೋಡಿ ನಕ್ಕರು. ಚಪ್ಪಾಳೆ ತಟ್ಟಿದೆ. ರಜಿಯಾಳಿಗೆ ಕುಕ್ಕರ್ ಸಿಕ್ಕಿತು. ಅವಳ ಕಡೆ ನೋಡುವ ಧೈರ್ಯವಾಗಲಿಲ್ಲ.

ಯಾದಗಿರಿಗೆ ಹೊರಡಲು ಬಸ್ ಸ್ಟ್ಯಾಂಡಿಗೆ ಬಂದೆ. ಅಲ್ಲಿ ಅವಳೇ ಕುಕ್ಕರಿನ ಡಬ್ಬಿಯನ್ನು ಕಂಕುಳಲ್ಲಿ ಹಿಡಿದು ನಿಂತಿದ್ದಳು. ಜೊತೆಗೆ ಅವಳ ಅತ್ತೆ. ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ.

"ನಿನ್ನಿ ಮನ್ಯಾಗ ಸಕ್ರಿ ಹಂಚೀವ್ರಿ" ಎಂದಳು. ಅಷ್ಟೇ.

"ನನ್ನಿಂದ ತಪ್ಪಾಯಿತಮ್ಮ. ಮೊದಲೇ ಹೇಳಬೇಕಿತ್ತು."

"ಅದಿರ್ಲಿ. ಒಂದು ಕೇಳ್ತೀನಿ. ನೀವು ಜಡ್ಜ್ ಅಲ್ಲಂತ. ಮತ್ತ ನನ್ನ ಹೊಲಿಗಿ ಚಲೋ ಅದ ಅಂದಿದ್ದು? ಅದೂ ಸುಳ್ಳೇನ್ರಿ?"

"ಅದು ಸುಳ್ಳಲ್ಲ" ಎಂದೆ. "ಮೂವತ್ತು ವರ್ಷ ದರ್ಜಿಗಳ ಜೊತೆ ವ್ಯಾಪಾರ ಮಾಡಿದ್ದೇನೆ. ಇಂಥ ಕೈ ನೋಡಿಲ್ಲ."

ಅವಳು ಅತ್ತೆಯ ಮುಖ ನೋಡಿದಳು. ಅತ್ತೆ ಮುಂದೆ ಬಂದರು. "ಹಂಗಾದ್ರ ಬರದು ಕೊಡ್ರಿ. ಇಲ್ಲಿ ರೆಡಿಮೇಡ್ ಅಂಗಡ್ಯಾಗ ಕೆಲಸ ಕೇಳಾಕ ಹೋಗೂದದ. ತೋರಿಸ್ತೀವಿ."

ನನ್ನ ಚೀಲದಲ್ಲಿದ್ದ ಉತ್ಸವದ ಕರಪತ್ರದ ಬೆನ್ನಿನ ಮೇಲೆ, ನೋಡಿದ್ದನ್ನು ನೋಡಿದಂತೆ ಬರೆದೆ. ಸಹಿ ಮಾಡಿ, ಕೆಳಗೆ 'ಗುಂಡಿ ಅಂಗಡಿ ಗಿರಿಜಾ, ತುಮಕೂರು' ಎಂದು ಹಾಕಿದೆ. ರಜಿಯಾ ಓದಿದಳು. ಅತ್ತೆ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ, "ಇದಕ್ಕ ಸಿಕ್ಕಾ ಇಲ್ಲೇನ್ರಿ?" ಎಂದರು.

ಸಿಕ್ಕಾ ಎಂದರೆ ಮೊಹರು ಎಂದು ರಜಿಯಾ ಬಿಡಿಸಿ ಹೇಳಿದಳು. ನನ್ನ ಬಳಿ ಯಾವ ಮೊಹರೂ ಇರಲಿಲ್ಲ. ಹಾಗೆಂದೆ. ಬಸ್ಸು ಬಂತು. ಕಂಡಕ್ಟರ್ ಆಧಾರ್ ಕಾರ್ಡು ನೋಡಿ ಸೊನ್ನೆ ರೂಪಾಯಿಯ ಟಿಕೆಟ್ ಹರಿದುಕೊಟ್ಟ. ಸರಿಯಾದದ್ದನ್ನು ಮಾಡಿ ಹೊರಟಿದ್ದೇನೋ, ಒಬ್ಬಳಿಂದ ಕಿತ್ತು ಇನ್ನೊಬ್ಬಳಿಗೆ ಕೊಟ್ಟು ಹೊರಟಿದ್ದೇನೋ, ಕಿಟಕಿಯ ಪಕ್ಕ ಕೂತರೂ ತಿಳಿಯಲಿಲ್ಲ. ಇವತ್ತಿಗೂ ತಿಳಿದಿಲ್ಲ.

ಬಸ್ಸು ತಿರುಗುವಾಗ ಹಿಂದೆ ನೋಡಿದೆ. ಕುಕ್ಕರಿನ ಡಬ್ಬಿ ನೆಲದ ಮೇಲಿತ್ತು. ರಜಿಯಾ ಕಾಗದವನ್ನು ಬಿಸಿಲಿಗೆ ಹಿಡಿದು, ಒಂದೊಂದು ಸಾಲಿಗೂ ಬೆರಳಿಟ್ಟು ಅತ್ತೆಗೆ ಓದಿ ಹೇಳುತ್ತಿದ್ದಳು. ಅತ್ತೆ ಕೈಯೆತ್ತಿ ಅವಳನ್ನು ತಡೆದು, ಒಂದು ಸಾಲನ್ನು ಮತ್ತೆ ಓದಿಸಿದರು. ಯಾವ ಸಾಲು ಎಂದು ನನಗೆ ಕೇಳಿಸಲಿಲ್ಲ.