ಕೆಡಲೆಂದೇ ಹೊರಟ ಕಾರು

ಗುರುವಾರ ಬೆಳಿಗ್ಗೆ ಭಟ್ಕಳ ಪಕ್ಕದ ಹೆಬಳೆಯ ನಮ್ಮ ಮನೆಯಿಂದ ಕಾರು ತೆಗೆದಾಗ ನನಗಿದ್ದದ್ದು ಒಂದೇ ಆಸೆ. ಕುಮಟಾ ಮುಟ್ಟುವುದರೊಳಗೆ ಅದು ಕೆಡಬೇಕು. ಎಡಬದಿಯ ಸೀಟಿನಲ್ಲಿ ಭಟ್ಕಳದ ನಮ್ಮ ಮೆಕ್ಯಾನಿಕ್ ಯೂಸುಫ್ ಭಾಯ್ ಇದ್ದರು. ಹಿಂದೆ ನಮ್ಮತ್ತೆ. ಕಾರು ಕೆಡುವುದಾದರೆ ಧಾರೇಶ್ವರದ ದೇವಸ್ಥಾನ ದಾಟಿದ ಮೇಲೆ ಕೆಡಲಿ ಎಂಬುದು ಅವರ ಷರತ್ತು.

ಕಾರಿಗೆ ಹದಿನೈದು ವರ್ಷ ದಾಟಿದೆ. ಮುಂದಿನ ಎಡಚಕ್ರದ ಕ್ಯಾಲಿಪರ್, ಅಂದರೆ ಬ್ರೇಕ್ ಒತ್ತಿದಾಗ ಚಕ್ರದ ತಟ್ಟೆಯನ್ನು ಎರಡೂ ಕಡೆಯಿಂದ ಅಮುಕುವ ಭಾಗ, ಕಾಲು ತೆಗೆದರೂ ಹಿಡಿತ ಬಿಡುತ್ತಿರಲಿಲ್ಲ. ಯೂಸುಫ್ ಭಾಯ್ ಒಮ್ಮೆ ಅದನ್ನು ಬಿಚ್ಚಿ ರಿಪೇರಿ ಮಾಡಿದರು. ಆಮೇಲೆ ಎರಡು ಸಲ ಹೊಸದನ್ನೇ ಹಾಕಿದರು. ಪ್ರತಿ ಸಲವೂ ಕೆಲವು ವಾರ ಸರಿ, ಮತ್ತೆ ಅದೇ ಕತೆ. ಕೊನೆಯ ಸಲ ಶರಾವತಿ ಸೇತುವೆಯ ಮೇಲೆ ಕಾರು ಎಡಗಡೆ ಕಟ್ಟೆಯ ಕಡೆಗೇ ಎಳೆಯಿತು. ಹಿಂದೆ ಲಾರಿ, ಕೆಳಗೆ ಹೊಳೆ.

ನಾನು ಫಿಸಿಯೋಥೆರಪಿಸ್ಟ್. ಭಟ್ಕಳದಿಂದ ಕುಮಟಾದವರೆಗೆ, ಲಕ್ವ ಹೊಡೆದವರ, ಮೊಣಕಾಲು ಆಪರೇಶನ್ ಆದವರ ಮನೆಗಳಿಗೆ ಹೋಗಿ ವ್ಯಾಯಾಮ ಮಾಡಿಸುತ್ತೇನೆ. ಬಸ್ಸು ನಂಬಿದರೆ ಒಳದಾರಿಯ ಮನೆಗಳನ್ನೆಲ್ಲ ಕೈಬಿಡಬೇಕು. ನನ್ನ ಗಂಡ ಮಾತ್ರ, "ಕಾರು ಮಾರು, ಇಲ್ದಿದ್ರೆ ಮೆಕ್ಯಾನಿಕ್ ಬದಲು ಮಾಡು" ಎಂದು ಪಟ್ಟು ಹಿಡಿದಿದ್ದರು. ಆ ಮಾತನ್ನು ಯೂಸುಫ್ ಭಾಯ್‌ಗೆ ಮುಚ್ಚಿಡದೆ ಹೇಳಿದೆ.

ಅವರು, "ಗ್ಯಾರೇಜಿಗೆ ಬರುವಷ್ಟರಲ್ಲಿ ಚಕ್ರ ತಣಿದು ಬಿಟ್ಕೊಂಡಿರ್ತದೆ ಅಕ್ಕಾ. ಜ್ವರ ಇಳಿದ ಮೇಲೆ ಡಾಕ್ಟರಿಗೆ ತೋರಿಸಿದ ಹಾಗೆ. ಈ ಸಲ ನಾನೇ ಸಂಗಡ ಬರ್ತೇನೆ. ಹಿಡಿಯುವಾಗಲೇ ನೋಡುವ" ಎಂದರು.

ಮಳೆಗಾಲ ಮುಗಿದು ಬಿಸಿಲು ಚುರುಗುಟ್ಟುತ್ತಿತ್ತು. ಹೆದ್ದಾರಿಯ ಎಡ ಅಂಚಿನಲ್ಲಿ, ಅವರು ಹೇಳಿದಲ್ಲೆಲ್ಲ ಬ್ರೇಕ್ ಒತ್ತುತ್ತ, ನಿಧಾನವಾಗಿ ಸಾಗಿದೆ. ಹೊನ್ನಾವರಕ್ಕೆ ಹತ್ತಿರ ಹತ್ತಿರ ನಲವತ್ತು ಕಿಲೋಮೀಟರು. ಮುರ್ಡೇಶ್ವರ, ಮಂಕಿ ದಾಟಿದರೂ ಕಾರು ಹೂವಿನ ಹಾಗೆ ಓಡಿತು. ಸೇತುವೆ ಬಂದಾಗ ಸ್ಟೇರಿಂಗನ್ನು ಎರಡೂ ಕೈಯಲ್ಲಿ ಗಟ್ಟಿ ಹಿಡಿದೆ. ಅಲ್ಲಿಯೂ ಏನೂ ಆಗಲಿಲ್ಲ. ಹೊನ್ನಾವರದಲ್ಲಿ ಬನ್ಸ್ ತಿನ್ನೋಣ ಎಂದರೆ ಯೂಸುಫ್ ಭಾಯ್ ಬಿಡಲಿಲ್ಲ.

"ತಣಿಯೂಕೆ ಬಿಡಬಾರದು. ಪಾರ್ಸೆಲ್ ತಕಣಿ."

"ಎಂತಾ ಪ್ರಯಾಣ ಮಾರಾಯ್ತಿ ಇದು! ಕಾರಿಗೆ ಹಸಿವಿಲ್ಲ ಅಂದ್ರೆ ನಾವೂ ಉಪವಾಸವೆ?" ಎಂದರು ಅತ್ತೆ. ಬನ್ಸ್ ಪೊಟ್ಟಣ ಅವರ ಮಡಿಲಲ್ಲೇ ಬಿಚ್ಚಿಕೊಂಡಿತು.

ಕರ್ಕಿ ದಾಟಿ ಹಳದೀಪುರ ಸಮೀಪಿಸುವಾಗ ಕಾರು ಭಾರವಾಯಿತು. ಆಕ್ಸಿಲರೇಟರ್ ಒತ್ತಿದರೂ ಯಾರೋ ಹಿಂದಿನಿಂದ ಜಗ್ಗಿದಂತೆ. "ಎಂತದೋ ಸುಟ್ಟ ವಾಸನೆ" ಎಂದು ಅತ್ತೆ ಮೂಗು ಮುಚ್ಚಿಕೊಂಡರು. ಯೂಸುಫ್ ಭಾಯ್ ಮುಖ ಮಾತ್ರ ಅರಳಿತು. "ಬಂತು! ಬದಿಗೆ ತಕಣಿ."

ರಸ್ತೆಯಿಂದ ಸಾಕಷ್ಟು ಆಚೆ, ಗಟ್ಟಿ ನೆಲದ ಮೇಲೆ ನಿಲ್ಲಿಸಿದೆ. ಜಾಕ್ ಕೊಟ್ಟು ಎತ್ತಿ ನೋಡಿದರೆ ಎಡಚಕ್ರ ತಿರುಗಲೊಲ್ಲದು, ಬಲದ್ದು ಸಲೀಸು. ಅವರು ಚಕ್ರ ಕಳಚಿದರು. ಕಬ್ಬಿಣದ ಬ್ರೇಕ್ ಪೈಪು ಮುಗಿದು ಕ್ಯಾಲಿಪರಿಗೆ ಹೋಗುವ ರಬ್ಬರ್ ಪೈಪು ಶುರುವಾಗುವಲ್ಲಿ ಒಂದು ನಟ್ ಇದೆ. ಮೊದಲು ಅದನ್ನು ಸಡಿಲಿಸಿದರು. ಒಂದೆರಡು ಹನಿ ಎಣ್ಣೆ ಬಂತು. ತಟ್ಟೆ ಅಲುಗಲಿಲ್ಲ.

"ಪೆಡಲಿನಿಂದ ಎಣ್ಣೆ ನೂಕುವ ಮೇಲಿನ ಮಾಸ್ಟರ್ ಸಿಲಿಂಡರ್ ಕೆಟ್ಟಿದ್ರೆ ಈಗ ಹಿಡಿತ ಬಿಡಬೇಕಿತ್ತು" ಎಂದರು. ನಟ್ ಬಿಗಿ ಮಾಡಿ, ಕ್ಯಾಲಿಪರಿನ ಮೇಲಿರುವ ಸಣ್ಣ ತಿರುಪನ್ನು ತೆರೆದರು. ಬಿಸಿ ಎಣ್ಣೆ ಚಿಮ್ಮಿತು. ತಟ್ಟೆಯನ್ನು ಅವರು ಬಟ್ಟೆಯಿಂದ ಹಿಡಿದು ತಿರುಗಿಸಿದರು. ತಿರುಗಿತು!

ಅವರು ಹಾಗೇ ನೆಲದ ಮೇಲೆ ಕೂತುಬಿಟ್ಟರು. "ಕ್ಯಾಲಿಪರಿನ ತಪ್ಪೇ ಅಲ್ಲ ಅಕ್ಕಾ. ಮೇಲೂ ಸರಿ, ಕೆಳಗೂ ಸರಿ. ನಡುವಿನ ರಬ್ಬರ್ ಒಳಗೆ ಉಬ್ಬಿ ಮುಚ್ಚಿಕೊಂಡದೆ. ಒತ್ತಿದಾಗ ಎಣ್ಣೆ ಹೋಗ್ತದೆ, ವಾಪಸ್ ಬರೂದಿಲ್ಲ. ಹೊರಗಿಂದ ಚಂದ ಕಂಡಿತು ಅಂತ ನಾ ಮೂರು ಸಲವೂ ಆ ಹಳೇ ಪೈಪನ್ನೇ ವಾಪಸ್ ಹಾಕಿದೆ."

"ಸಿಕ್ಕಿತಲ್ಲ, ಆತು" ಎಂದೆ. ನಿಜಕ್ಕೂ ಅಷ್ಟೇ ಅನಿಸಿತ್ತು. ಇಷ್ಟು ದಿನ ನಾನು ಹೆದರಿದ್ದು ಕಾರಿಗಲ್ಲ, ಕಾರಣ ಗೊತ್ತಿಲ್ಲದ್ದಕ್ಕೆ.

ಕುಮಟಾದ ಅಂಗಡಿಯೊಂದರಲ್ಲಿ ಆ ಪೈಪು ಇದೆಯೆಂದು ಫೋನಿನಲ್ಲಿ ತಿಳಿಯಿತು. ನಾನು ಹಾಗೇ ನಿಧಾನಕ್ಕೆ ಓಡಿಸುತ್ತೇನೆ ಎಂದದ್ದಕ್ಕೆ ಯೂಸುಫ್ ಭಾಯ್ ಕೀಲಿಕೈ ಕಿಸೆಗೆ ಹಾಕಿಕೊಂಡು ಬಸ್ಸು ಹತ್ತಿದರು. ನಾವಿಬ್ಬರೂ ಚಹದಂಗಡಿಯ ಬೆಂಚಿನ ಮೇಲೆ ಕೂತೆವು. ಅಷ್ಟರಲ್ಲಿ, ಕಾರು ಕೆಟ್ಟಿತೆಂಬ ನನ್ನ ಮೆಸೇಜು ನೋಡಿ, ನನ್ನ ಗಂಡನ ಫೋನು.

"ಎಲ್ಲಿ ಕೆಟ್ಟಿತು? ಕ್ರೇನ್ ಕಳಿಸಬೇಕಾ?"

ನಾನು ಉತ್ತರಿಸುವ ಮೊದಲೇ ಅತ್ತೆ ಫೋನು ಕಿತ್ತುಕೊಂಡರು. "ಕೆಟ್ಟದ್ದಲ್ಲ ಮಗಾ, ಕೆಡಿಸಿದ್ದು. ಈಗ ರೋಗ ಸಿಕ್ಕಿದೆ. ನೀನು ಅನ್ನಕ್ಕಿಟ್ಟು ಉಣ್ಣು."

ಯೂಸುಫ್ ಭಾಯ್ ಎರಡು ಪೈಪು ಹಿಡಿದು ಬಂದರು. "ಬಲದ್ದಕ್ಕೂ ಅಷ್ಟೇ ವಯಸ್ಸು" ಎಂದು ಎರಡನ್ನೂ ಬದಲಿಸಿದರು. ಬ್ರೇಕ್ ಪೈಪಿನೊಳಗೆ ಸೇರಿದ ಗಾಳಿ ತೆಗೆಯುವಾಗ ನಾನು ಸೀಟಿನಲ್ಲಿ ಕೂತು, ಅವರು "ಒತ್ತಿ" ಎಂದಾಗ ಒತ್ತಿ, "ಬಿಡಿ" ಎಂದಾಗ ಬಿಟ್ಟೆ. ಪೆಡಲು ಕಾಲಿನಡಿ ಗಟ್ಟಿಯಾಗುತ್ತ ಬಂದದ್ದು ನನಗೇ ತಿಳಿಯಿತು.

ಧಾರೇಶ್ವರದಲ್ಲಿ ಅತ್ತೆ ದೇವರಿಗೆ ಕೈಮುಗಿದು ಬರುವಷ್ಟರಲ್ಲಿ ನಾವು ಎರಡೂ ಚಕ್ರಗಳ ಹತ್ತಿರ ಅಂಗೈ ಹಿಡಿದು ನೋಡಿದೆವು. ಬಿಸಿ ಒಂದೇ ಸಮ. ಕುಮಟಾದಲ್ಲಿ ಮೀನೂಟ ಮಾಡಿದೆವು. ಅತ್ತೆ ಮಾತ್ರ ದೇವರ ದಿನವೆಂದು ಸಾರು, ಪಲ್ಯದಲ್ಲಿ ಮುಗಿಸಿದರು. ಪೇಟೆಯ ಗದ್ದಲದಲ್ಲಿ ಬೇಕೆಂದೇ ಎರಡು ಸುತ್ತು ಹಾಕಿದೆ. ಕಾಲು ತೆಗೆದ ಕ್ಷಣವೇ ಕಾರು ಹಗುರಾಗಿ ಮುಂದೆ ಹೋಗುತ್ತಿತ್ತು.

ಹಿಂದಿರುಗುವಾಗ ಶರಾವತಿಯ ಮೇಲೆ ಸಂಜೆ ಬಿಸಿಲು ಬಿದ್ದಿತ್ತು. ಈ ಸಲ ಹೊಳೆ ನೋಡುವಷ್ಟು ಪುರುಸೊತ್ತು ನನಗಿತ್ತು. ಮಂಕಿಯ ಹತ್ತಿರ ದನವೊಂದು ಗತ್ತಿನಿಂದ ಹೆದ್ದಾರಿ ದಾಟಲು ಶುರುಮಾಡಿತು. ಎಡಕ್ಕೆ ನೋಡಿದೆ. ಯೂಸುಫ್ ಭಾಯ್ ತಲೆ ವಾಲಿಸಿಕೊಂಡು ಗಾಢ ನಿದ್ದೆಯಲ್ಲಿದ್ದರು. ಅವರು ಏಳದಷ್ಟು ಮೆತ್ತಗೆ ಬ್ರೇಕ್ ಒತ್ತಿದೆ.